ಕಚ್ಚಿದ್ದು ಯಾರು ಅಂತ ಮೊದಲು ಹೇಳಿ

ಮಳೆ ನಿಂತ ಮೇಲೆ ಸಹ್ಯಾದ್ರಿಯಲ್ಲಿ ಎಲ್ಲೆಲ್ಲಿ ಟೆಂಟ್ ಹಾಕಬಹುದು ಅಂತ ಕಳೆದ ತಿಂಗಳು ಬರೆದಿದ್ದೆ. ಜಾಗ ಚೆನ್ನಾಗಿತ್ತು ಅಂತ ಉತ್ತರ ಬರೆದವರು ಕಡಿಮೆ. ಕೆರೆದುಕೊಂಡು ಸಾಕಾಯ್ತು ಅಂದವರೇ ಜಾಸ್ತಿ. ಒಬ್ಬರು ಬರೀ ಫೋಟೋ ಕಳಿಸಿದ್ದಾರೆ. ಮೊಣಕಾಲಿನಿಂದ ಕೆಳಗೆ ಪೂರ್ತಿ ಕೆಂಪು ದದ್ದು, ಕೆಳಗೆ ಒಂದೇ ಸಾಲು: "ಇದಕ್ಕೆ ಏನು ಹಚ್ಚಲಿ?"

ಏನು ಹಚ್ಚಬೇಕು ಅನ್ನುವುದು ಆಮೇಲಿನ ಮಾತು. ಕಚ್ಚಿದ್ದು ಯಾರು, ಎಷ್ಟು ಹೊತ್ತಿಗೆ, ನೀವು ಎಲ್ಲಿ ಕೂತಿದ್ದಾಗ, ಇದು ಗೊತ್ತಾಗದೆ ನಾನಾಗಲಿ ಔಷಧಿ ಅಂಗಡಿಯವರಾಗಲಿ ಏನು ಹೇಳುವುದು? ಸೊಳ್ಳೆಗೆ ಹೊಗೆ ಹಾಕುತ್ತೇವೆ. ಅದೇ ಹೊಗೆ ಹೆಜ್ಜೇನಿನ ಗೂಡಿನ ಕೆಳಗೆ ಹಾಕಿದರೆ ಸೀದಾ ಆಸ್ಪತ್ರೆ. ಅದಕ್ಕೆ ಈ ಸಲ ಬೇರೆ ಯಾವ ಪ್ರಶ್ನೆಯನ್ನೂ ತೆಗೆದುಕೊಂಡಿಲ್ಲ, ಎಲ್ಲ ಕಚ್ಚುವವರದ್ದೇ.

ಪ್ರಶ್ನೆ: ಸರ್, ಆಫೀಸಿನ ಗೆಳೆಯರ ಜೊತೆ ಲೋಣಾವಳಾ ಹತ್ತಿರ ಪವನಾ ಕೆರೆ ದಂಡೆಯಲ್ಲಿ ಒಂದು ರಾತ್ರಿ ಇದ್ದೆವು. ಸಂಜೆಯೇ ಸೊಳ್ಳೆ ಕ್ರೀಮ್ ಹಚ್ಚಿಕೊಂಡಿದ್ದೆ. ಆದರೂ ರಾತ್ರಿಯಿಡೀ ಕಚ್ಚಿಸಿಕೊಂಡೆ. ಪಕ್ಕದಲ್ಲೇ ಮಲಗಿದ್ದ ಗೆಳೆಯನಿಗೆ ಒಂದು ಚುಕ್ಕೆಯೂ ಇಲ್ಲ. ನನ್ನ ರಕ್ತ ಸಿಹಿ ಅಂತ ಎಲ್ಲರೂ ನಗುತ್ತಾರೆ. ಹೌದಾ? (ಡೊಂಬಿವಲಿಯ ಓದುಗ)

ರಕ್ತ ಸಿಹಿಯೋ ಕಹಿಯೋ ಅಂತ ಕಚ್ಚುವುದಕ್ಕೆ ಮೊದಲೇ ಸೊಳ್ಳೆಗೆ ಹೇಗೆ ಗೊತ್ತಾಗಬೇಕು? ಅದು ದೂರದಿಂದ ಬರುವುದು ನೀವು ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಜಾಡು ಹಿಡಿದು. ಹತ್ತಿರ ಬಂದ ಮೇಲೆ ಮೈಯ ಬಿಸಿ, ಬೆವರಿನ ವಾಸನೆ. ಈ ವಾಸನೆ ಒಬ್ಬೊಬ್ಬರದ್ದು ಒಂದೊಂದು ತರ, ಅದಕ್ಕೇ ಕೆಲವರನ್ನು ಹುಡುಕಿಕೊಂಡು ಬರುತ್ತದೆ. ದೊಡ್ಡ ಮೈಕಟ್ಟಿನವರಿಗೆ, ಗರ್ಭಿಣಿಯರಿಗೆ ಕಾಟ ಜಾಸ್ತಿ. ಆಫೀಸಿನ ಗೆಳೆಯರು ಅಂದಿರಿ, ಆದ್ದರಿಂದ ಇನ್ನೊಂದು ಮಾತು: ಬಿಯರ್ ಕುಡಿದವರ ಕಡೆಗೆ ಸೊಳ್ಳೆ ಹೆಚ್ಚು ತಿರುಗುತ್ತದೆ ಅಂತ ಬುರ್ಕಿನಾ ಫಾಸೋ ದೇಶದಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂದಿತ್ತು. ನೀರು ಕುಡಿದವರಿಗೆ ಹಾಗಾಗಲಿಲ್ಲ. ನಾನು ಏನೂ ಹೇಳುತ್ತಿಲ್ಲ, ಸುಮ್ನೆ ತಿಳಿಸಿದೆ.

ಇನ್ನು ಗೆಳೆಯನಿಗೆ ಕಚ್ಚಲೇ ಇಲ್ಲ ಅಂತ ನಂಬಬೇಡಿ. ಸೊಳ್ಳೆಯ ಜೊಲ್ಲಿಗೆ ಕೆಲವರ ಚರ್ಮ ದದ್ದು ಏಳುತ್ತದೆ, ಕೆಲವರದ್ದು ಏಳುವುದಿಲ್ಲ. ಅಷ್ಟೇ ವ್ಯತ್ಯಾಸ.

ಕ್ರೀಮ್ ವಿಷಯಕ್ಕೆ ಬರೋಣ. ಟ್ಯೂಬಿನ ಹಿಂದೆ ಚಿಕ್ಕ ಅಕ್ಷರದಲ್ಲಿ ಏನಿದೆ ಓದಿ. ಡೀಟ್, ಪಿಕಾರಿಡಿನ್, ಡೈಈಥೈಲ್ ಬೆಂಜಮೈಡ್, ಲೆಮನ್ ಯೂಕಲಿಪ್ಟಸ್ ಎಣ್ಣೆ, ಇವುಗಳಲ್ಲಿ ಒಂದಿದ್ದರೆ ಕೆಲಸ ಮಾಡುತ್ತದೆ. ಶೇಕಡಾ ಎಷ್ಟಿದೆ ಅನ್ನುವುದು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದರ ಲೆಕ್ಕ. ಡೀಟ್ 10 ಪರ್ಸೆಂಟ್ ಇದ್ದರೆ ಸುಮಾರು 2 ಗಂಟೆ, 25-30 ಇದ್ದರೆ ಸುಮಾರು 5 ಗಂಟೆ. ನೀವು ಸಂಜೆ 6ಕ್ಕೆ ಹಚ್ಚಿ, ಕ್ರಿಕೆಟ್ ಆಡಿ, ಬೆವರು ಒರೆಸಿಕೊಂಡು, ಕೆರೆಯಲ್ಲಿ ಕಾಲು ತೊಳೆದು, 11ಕ್ಕೆ ಮಲಗಿದರೆ ಅದು ಎಲ್ಲಿ ಉಳಿದಿರುತ್ತದೆ? ಇನ್ನೊಂದು, ಹಚ್ಚುವಾಗ ನಾವೆಲ್ಲ ಮುಂಗೈಗೆ ಧಾರಾಳವಾಗಿ ಬಳಿದು ಹಿಮ್ಮಡಿ, ಕಿವಿಯ ಹಿಂಭಾಗ, ಕುತ್ತಿಗೆ ಮರೆಯುತ್ತೇವೆ. ಅದು ಕಚ್ಚುವುದೂ ಅಲ್ಲೇ. ಸನ್‌ಸ್ಕ್ರೀನ್ ಹಚ್ಚುವವರಾದರೆ ಮೊದಲು ಅದು, ಒಣಗಿದ ಮೇಲೆ ಇದು. ಡೀಟ್ ಹಚ್ಚಿದ ಕೈಯಲ್ಲಿ ಕನ್ನಡಕ, ವಾಚು ಮುಟ್ಟಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ನನ್ನ ಒಂದು ವಾಚಿನ ಗಾಜಿಗೆ ಇವತ್ತಿಗೂ ನನ್ನ ಹೆಬ್ಬೆರಳಿನ ಗುರುತು ಇದೆ.

ಆದರೆ ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಕ್ರೀಮಿನ ಮೇಲಲ್ಲ, ಟೆಂಟಿನ ಜಿಪ್ಪಿನ ಮೇಲೆ. ಒಮ್ಮೆ ರಾಜಮಾಚಿಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಕೂತು ಎಣಿಸಿದೆ. ಸಂಜೆ 7ರಿಂದ ರಾತ್ರಿ 10ರವರೆಗೆ ನಮ್ಮ ಟೆಂಟಿನ ಜಿಪ್ಪು ತೆರೆದದ್ದು 19 ಸಲ. ಒಬ್ಬನಿಗೆ ಚಾರ್ಜರ್, ಒಬ್ಬನಿಗೆ ಸ್ವೆಟರ್, ಇನ್ನೊಬ್ಬನಿಗೆ ಚಿವುಡಾ ಪೊಟ್ಟಣ. ಪ್ರತಿ ಸಲವೂ ಒಳಗೆ ಟಾರ್ಚ್ ಉರಿಯುತ್ತಿತ್ತು, ಪ್ರತಿ ಸಲವೂ ಒಬ್ಬರಾದರೂ ಬಾಗಿಲು ಪೂರ್ತಿ ತೆರೆದಿಟ್ಟು ಒಳಗೆ ತಲೆ ಹಾಕಿ ಬ್ಯಾಗ್ ತಡಕುತ್ತಿದ್ದರು. ಮಲಗುವಾಗ ಟಾರ್ಚನ್ನು ಮೂಲೆಗೆ ಹಿಡಿದೆ. ಟೆಂಟಿನ ನೆತ್ತಿಯ ಹೊಲಿಗೆ ಉದ್ದಕ್ಕೂ ಸಾಲಾಗಿ ಕೂತಿದ್ದವು, ನಮಗಿಂತ ಮೊದಲೇ ಜಾಗ ಹಿಡಿದುಕೊಂಡು.

ಸೂರ್ಯ ಮುಳುಗುವ ಮೊದಲೇ ಬೇಕಾದ್ದನ್ನೆಲ್ಲ ಒಂದು ಚೀಲಕ್ಕೆ ಹಾಕಿ ಹೊರಗೆ ಇಟ್ಟುಕೊಳ್ಳಿ. ಒಳಗೆ ಹೋಗುವಾಗ ಟಾರ್ಚ್ ಆರಿಸಿ, ಅರ್ಧ ಜಿಪ್ಪು ತೆರೆದು, ನುಸುಳಿ, ಮುಚ್ಚಿ. ಆಮೇಲೆ ಬೆಳಕು ಹಾಕಿ ಒಳಗೆ ಬಂದವರನ್ನು ಹುಡುಕಿ ಚಪ್ಪಾಳೆ ತಟ್ಟಿ. ಮಲಗಿದಾಗ ಮೈ ಬಲೆಗೆ ತಾಗಿದರೆ ಹೊರಗಿನಿಂದಲೇ ಕಚ್ಚುತ್ತವೆ. ಹಾಗೇ ಬಲೆ ಸೀಟಿನ ಮಡಚುವ ಕುರ್ಚಿಯಲ್ಲಿ ಕೂತವರಿಗೆ ಕೆಳಗಿನಿಂದ ಕಚ್ಚುತ್ತವೆ, ಅದು ಎಲ್ಲಿ ಅಂತ ಬೇರೆ ಹೇಳಬೇಕಾ. ಒಂದು ಚಾದರ ಮಡಚಿ ಹಾಕಿಕೊಳ್ಳಿ. ಟೆಂಟ್ ಅನ್ನು ನೀರಿನ ಅಂಚಿಗೆ ಹಾಕುವುದು ಫೋಟೋಗೆ ಚೆಂದ. ನಿದ್ದೆ ಬೇಕಾದರೆ ನೂರು ಹೆಜ್ಜೆ ಮೇಲೆ, ಗಾಳಿ ಆಡುವ ದಿಬ್ಬದ ಮೇಲೆ ಹಾಕಿ.

ಪ್ರಶ್ನೆ: ನಮಸ್ಕಾರ ರೀ ಸರ. ನಾವು ಬಾಗಲಕೋಟಿ ಕಡೆಯವರು. ಮಡಗಾಂವ್ ಹತ್ತಿರ ಬಿಲ್ಡಿಂಗ್ ಕೆಲಸದಾಗ ಇದ್ದೀವಿ. ನೀವು ಟೆಂಟಿನ್ಯಾಗ ಒಂದು ರಾತ್ರಿ ಇರ್ತೀರಿ, ನಾವು ತಗಡಿನ ಶೆಡ್ಡಿನ್ಯಾಗ ವರ್ಷಗಟ್ಟಲೆ ಇದ್ದೀವಿ. ಸೊಳ್ಳಿ ಭಾಳ. ಕಾಯಿಲ್ ಹಚ್ಚಿದ್ರ ಸಣ್ಣ ಮಗಳಿಗೆ ಕೆಮ್ಮು ಬರ್ತದ. ಏನು ಮಾಡೋಣ? (ಗೋವಾದಿಂದ ಓದುಗರು)

ಅಣ್ಣಾ, ಈ ಸಲ ಬಂದ ಪತ್ರಗಳಲ್ಲಿ ನಿಮ್ಮದೇ ದೊಡ್ಡದು. ಬಯಲಲ್ಲಿ ಬದುಕುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕಾಯಿಲ್ ಅನ್ನು ಇವತ್ತೇ ಶೆಡ್ಡಿನಿಂದ ಹೊರಗಿಡಿ. ಒಂದು ಕಾಯಿಲ್ ಉರಿದರೆ ಬರುವ ಸಣ್ಣ ಹೊಗೆ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಮುಚ್ಚಿದ ತಗಡಿನ ಕೋಣೆಯಲ್ಲಿ ಮಗು ಅದನ್ನೇ ಉಸಿರಾಡುತ್ತದೆ. ಹಚ್ಚಲೇಬೇಕಾದರೆ ಬಾಗಿಲ ಆಚೆ, ಸಂಜೆ ಅಡಿಗೆ ಮಾಡುವ ಹೊತ್ತಿಗೆ ಹಚ್ಚಿ.

ರಾತ್ರಿಗೆ ಸೊಳ್ಳೆ ಪರದೆಯೇ ಸೈ. ಔಷಧಿ ಸೇರಿಸಿದ ಪರದೆ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಮೇಲೆ ಕೂತ ಸೊಳ್ಳೆ ಸಾಯುತ್ತದೆ. ತಗಡಿನ ಪಕ್ಕದ ಕಂಬಗಳಿಗೆ ನಾಲ್ಕು ಮೊಳೆ ಹೊಡೆದು ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಪೂರ್ತಿ ಸಿಕ್ಕಿಸಿ. ಸುಮ್ನೆ ಇಳಿಬಿಟ್ಟ ಪರದೆ ಇದ್ದೂ ಇಲ್ಲದ ಹಾಗೆ. ಮಗಳನ್ನು ನಡುವೆ ಮಲಗಿಸಿ, ಅಂಚಿನಲ್ಲಿದ್ದರೆ ಕೈಕಾಲು ಬಲೆಗೆ ತಾಗುತ್ತದೆ.

ಈಗ ಮುಖ್ಯ ಮಾತು. ಸೊಳ್ಳೆ ಎಲ್ಲಿಂದಲೋ ಹಾರಿ ಬರುತ್ತಿಲ್ಲ, ನಿಮ್ಮ ಸೈಟಿನಲ್ಲೇ ಹುಟ್ಟುತ್ತಿದೆ. ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗ್‌ಗೆ ಅಂತ ಸಿಮೆಂಟಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತೀರಲ್ಲ, ವಾರಕ್ಕಿಂತ ಜಾಸ್ತಿ ನಿಂತಿರುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಕಾದದ್ದೂ 7ರಿಂದ 10 ದಿನ. ನಾಳೆ ಬೆಳಿಗ್ಗೆ ಆ ನೀರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಎರಡು ನಿಮಿಷ ನೋಡಿ. ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುವ ಮರಿಹುಳಗಳು ಒಂದು ಜಾತಿ. ನೀರಿನ ಮೇಲ್ಮೈಗೆ ಅಂಟಿದ ಹಾಗೆ ಮಟ್ಟಸವಾಗಿ ಮಲಗಿರುವವು ಬೇರೆ, ಅವು ಅನಾಫಿಲಿಸ್, ಮಲೇರಿಯಾ ತರುವವು. ಪೇಟೆಯಲ್ಲಿ ಇವು ಇಷ್ಟಪಡುವುದು ಗಟಾರದ ನೀರಲ್ಲ, ಟ್ಯಾಂಕಿನ, ಸ್ಲ್ಯಾಬಿನ ತಿಳಿ ನೀರನ್ನೇ. ವಾರಕ್ಕೊಂದು ದಿನ ಆ ನೀರು ತೆಗೆದು ಒದ್ದೆ ಗೋಣಿತಟ್ಟು ಹೊದಿಸಿ ಕ್ಯೂರಿಂಗ್ ಮಾಡಬಹುದಾ ಅಂತ ಮೇಸ್ತ್ರಿಯನ್ನು ಕೇಳಿ. ಕೆಲಸವೂ ಕೆಡುವುದಿಲ್ಲ, ಮರಿಗಳೂ ಸಾಯುತ್ತವೆ. ಕುಡಿಯುವ ನೀರಿನ ಡ್ರಮ್ಮಿಗೆ ಬಟ್ಟೆ ಬಿಗಿದು ಕಟ್ಟಿ. ಖಾಲಿ ಮಾಡಿದಾಗ ಒಳಗಿನ ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತದೆ. ಈ ಡೆಂಗಿಯದ್ದು ಹಗಲು ಕಚ್ಚುತ್ತದೆ, ಮಗಳು ಮಧ್ಯಾಹ್ನ ಮಲಗಿದಾಗಲೂ ಪರದೆ ಇಳಿಸಿ.

ಚಳಿ ನಡುಕದ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಕೆಲಸಕ್ಕೆ ಹೋಗಬೇಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ರಕ್ತ ಪರೀಕ್ಷೆಗೆ ದುಡ್ಡಿಲ್ಲ, ಅವತ್ತೇ ಮಾಡಿಸಿ. ಮಾತ್ರೆ ಕೊಟ್ಟರೆ ಜ್ವರ ಬಿಟ್ಟ ಮೇಲೂ ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ.

ಪ್ರಶ್ನೆ: ಜನವರಿಯಲ್ಲಿ ಗೋವಾದ ಸತ್ತರಿ ತಾಲೂಕಿನ ಕಾಡಿನಂಚಿನಲ್ಲಿ ಎರಡು ರಾತ್ರಿ ಇರಬೇಕು ಅಂತಿದ್ದೇವೆ. ಶಿವಮೊಗ್ಗದಲ್ಲಿರುವ ಅಮ್ಮ ಫೋನಿನಲ್ಲಿ "ಉಣುಗು ಇರುತ್ತೆ, ಮಂಗನ ಕಾಯಿಲೆ ಬರುತ್ತೆ" ಅಂತ ಹೆದರಿಸುತ್ತಾರೆ. ಅದು ನಮ್ಮ ಮಲೆನಾಡಿನ ರೋಗ, ಗೋವಾದಲ್ಲಿ ಎಲ್ಲಿಂದ ಬರಬೇಕು? (ವಾಸ್ಕೋ ಓದುಗ)

ಅಮ್ಮನ ಮಾತು ಕೇಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ರೋಗ ಅದು, ಇಂಗ್ಲಿಷ್ ಹೆಸರೂ ಆ ಕಾಡಿನದ್ದೇ, ಕ್ಯಾಸನೂರು ಫಾರೆಸ್ಟ್ ಡಿಸೀಸ್. ಐವತ್ತು ವರ್ಷ ನಮ್ಮ ಜಿಲ್ಲೆಗಳದ್ದೇ ತಲೆನೋವು ಅಂದುಕೊಂಡಿದ್ದೆವು. ಆಮೇಲೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿತು. 2015ರಲ್ಲಿ ಗೋವಾದಲ್ಲಿ ಸಿಕ್ಕಿದ್ದು ನೀವು ಹೊರಟಿರುವ ಸತ್ತರಿಯಲ್ಲೇ. ಮರುವರ್ಷ ಪಕ್ಕದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ. ಗೇರು ತೋಟಕ್ಕೆ, ಸೌದೆಗೆ ಹೋದವರಿಗೇ ಹೆಚ್ಚು ಬಂತು. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ನಿಮ್ಮ ಜನವರಿ ಸರಿಯಾಗಿ ಅದರೊಳಗೇ ಬರುತ್ತದೆ. ಹೋಗಲೇಬೇಡಿ ಅನ್ನಲಾರೆ, ನಾನಾದರೆ ತಾರೀಕು ಮುಂದೂಡಿ ಅಕ್ಟೋಬರ್-ನವೆಂಬರಿನಲ್ಲಿ ಹೋಗುತ್ತೇನೆ.

ಉಣುಗು ಹಾರುವುದಿಲ್ಲ, ಜಿಗಿಯುವುದಿಲ್ಲ. ಹುಲ್ಲಿನ, ಎಲೆಯ ತುದಿಗೆ ಹತ್ತಿ ಮುಂಗಾಲು ಚಾಚಿ ಕಾಯುತ್ತದೆ, ಬಸ್ಸಿಗೆ ಕೈ ಮಾಡುವವರ ಹಾಗೆ. ನೀವು ಸವರಿಕೊಂಡು ಹೋದರೆ ಹತ್ತಿತು. ಈ ಕಾಲದಲ್ಲಿ ರೋಗ ಹರಡುವುದು ಅದರ ಮರಿಗಳು, ಗಸಗಸೆ ಕಾಳಿನಷ್ಟಿರುತ್ತವೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ತಿಳಿ ಬಣ್ಣದ ಉದ್ದ ಪ್ಯಾಂಟು, ಅದರ ಅಂಚು ಸಾಕ್ಸಿನ ಒಳಗೆ. ನೋಡಲು ಪೋಸ್ಟ್‌ಮ್ಯಾನ್ ತರ ಕಾಣುತ್ತೀರಿ, ಪರವಾಗಿಲ್ಲ. ತರಗೆಲೆಯ ಮೇಲೆ ಕೂರಬೇಡಿ, ತಾಡಪಾಲು ಹಾಸಿ. ನಮ್ಮ ಕಡೆ ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಡೆಪಾ ಎಣ್ಣೆ ಹಂಚುತ್ತಾರೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದಲ್ಲಿ ತಯಾರಾದ ಔಷಧಿ ಅದು. ಅಮ್ಮನಿಗೆ ಹೇಳಿದರೆ ವಿಚಾರಿಸುತ್ತಾರೆ. ಸಿಗದಿದ್ದರೆ ಡೀಟ್ ಆಗುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೋಕ್ಕೂ ಬೇಡ, ಅರಣ್ಯ ಇಲಾಖೆಗೆ ತಿಳಿಸಿ ಆ ಜಾಗ ಬಿಡಿ.

ಸಾಗರದ ಕಡೆ ನಮ್ಮ ಮನೆಯಲ್ಲಿ ದನ ಮೇಯಿಸಿ ಬಂದ ಮಕ್ಕಳನ್ನು ಅಜ್ಜಿ ಜಗುಲಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಅದು ನೂರಕ್ಕೆ ನೂರು ಸರಿ. ಸಿಕ್ಕ ಉಣುಗಿಗೆ ಸೀಮೆಎಣ್ಣೆ ಬಿಡುತ್ತಿದ್ದರು, ಅದು ತಪ್ಪು. ಎಣ್ಣೆ, ಬೆಂಕಿಕಡ್ಡಿ, ನೈಲ್ ಪಾಲಿಶ್, ಯಾವುದೂ ಬೇಡ. ಕಿರುಕುಳ ಕೊಟ್ಟಷ್ಟೂ ಅದು ತನ್ನ ಹೊಟ್ಟೆಯಲ್ಲಿರುವುದನ್ನು ನಿಮ್ಮೊಳಗೆ ಕಕ್ಕಬಹುದು. ನಾಲ್ಕು ವರ್ಷದ ಹಿಂದೆ ಅಂಬೋಲಿಯಿಂದ ಬಂದ ರಾತ್ರಿ ಮಂಡಿಯ ಹಿಂದೆ ನನಗೇ ಒಂದು ಸಿಕ್ಕಿತು. ಮಚ್ಚೆ ಅಂದುಕೊಂಡಿದ್ದೆ, ಹೆಂಡತಿ ಟಾರ್ಚ್ ಹಿಡಿದು "ನಿಮ್ಮ ಮಚ್ಚೆಗೆ ಕಾಲಿದೆ" ಅಂದಳು. ಹುಬ್ಬು ಕೀಳುವ ಚೂಪು ಮೂತಿಯ ಚಿಮಟವನ್ನು ಚರ್ಮಕ್ಕೆ ಒತ್ತಿ ಹಿಡಿದು, ಉಣುಗಿನ ಹೊಟ್ಟೆಯನ್ನಲ್ಲ, ಬಾಯಿ ಚರ್ಮಕ್ಕೆ ಸೇರುವ ಜಾಗವನ್ನೇ ಕಚ್ಚಿಸಿದಳು. ತಿರುಚಲಿಲ್ಲ, ಜಗ್ಗಲಿಲ್ಲ. ನೇರ ಮೇಲಕ್ಕೆ ಒಂದೇ ಸಮ ಎಳೆದಳು. ಚರ್ಮ ಸಣ್ಣ ಗುಡಾರದ ಹಾಗೆ ಎದ್ದು ನಿಂತಿತು, ಹಾಗೇ ಸ್ವಲ್ಪ ಹೊತ್ತು ಹಿಡಿದಳು, ಟಕ್ಕನೆ ಬಿಟ್ಟಿತು. ಸೋಪು ಹಾಕಿ ತೊಳೆದು ಸ್ಪಿರಿಟ್ ಹಚ್ಚಿದೆವು. ಉಣುಗನ್ನು ಬೆರಳಲ್ಲಿ ಹಿಸುಕದೆ ಸ್ಪಿರಿಟ್ ಬಾಟಲಿಗೆ ಹಾಕಿದೆವು.

ದಿನಕ್ಕೆ ಎರಡು ಸಲ, ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ತೊಡೆಸಂದು, ಮಂಡಿಯ ಹಿಂದೆ ನೋಡಿಕೊಳ್ಳಿ. ನಿಮಗೆ ಕಾಣದ ಜಾಗ ಜೊತೆಯವರಿಗೆ ತೋರಿಸಿ, ನಾಚಿಕೆ ಬೇಡ. ಕಚ್ಚಿದ 3ರಿಂದ 8 ದಿನದಲ್ಲಿ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ "ಸತ್ತರಿ ಕಾಡಿಗೆ ಹೋಗಿದ್ದೆ" ಅಂತ ಹೇಳಿ. ವಾಸ್ಕೋದಲ್ಲಿ ಕೂತ ಡಾಕ್ಟರಿಗೆ ಅದು ತಾನಾಗಿ ಹೊಳೆಯಬೇಕು ಅಂತ ಇಲ್ಲ. ಜ್ವರದ ಜೊತೆ ಮೈಮೇಲೆ ಎಲ್ಲಾದರೂ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಂಡರೆ ಅದನ್ನೂ ತೋರಿಸಿ. ಅದು ಬೇರೆ ರೋಗ, ಸ್ಕ್ರಬ್ ಟೈಫಸ್, ಪೊದೆಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿಯಿಂದ ಬರುತ್ತದೆ. ಬೇಗ ಗೊತ್ತಾದರೆ ಸಾಮಾನ್ಯ ಮಾತ್ರೆಯಲ್ಲೇ ವಾಸಿಯಾಗುತ್ತದೆ.

ಪ್ರಶ್ನೆ: ಭೀಮಾಶಂಕರದಲ್ಲಿ ಜುಲೈ ಟ್ರೆಕ್. ಒಂದೊಂದು ಕಾಲಿಗೆ ಹತ್ತು ಹತ್ತು ಜಿಗಣೆ. ಸಾಕ್ಸಿಗೆ ಉಪ್ಪು ಹಾಕಿಕೊಂಡಿದ್ದೆ, ಏನೂ ಆಗಲಿಲ್ಲ. (ಪುಣೆಯ ವಿದ್ಯಾರ್ಥಿನಿ)

ಆ ಮಳೆಯಲ್ಲಿ ಉಪ್ಪು ಐದು ನಿಮಿಷಕ್ಕೆ ತೊಳೆದು ಹೋಗಿರುತ್ತದೆ ತಾಯಿ. ಇಂಬಳ (ನಮಗೆ ನೆಲದ ಮೇಲಿನದ್ದು ಇಂಬಳ, ನೀರಿನದ್ದು ಜಿಗಣೆ) ರೋಗ ತರುವುದಿಲ್ಲ, ಹೆದರಿಕೆ ಬೇಡ. ಕೀಳುವಾಗ ಉಪ್ಪು ಸುರಿಯುವುದಕ್ಕಿಂತ ಉಗುರು ಮೇಲು. ಅದರ ಸಣ್ಣ ತುದಿ ಬಾಯಿ, ದಪ್ಪ ತುದಿ ಬರೀ ಹಿಡಿತಕ್ಕೆ. ಸಣ್ಣ ತುದಿಯ ಪಕ್ಕ ಉಗುರು ಇಟ್ಟು ಅಡ್ಡಕ್ಕೆ ಸರಿಸಿ, ಆಮೇಲೆ ದಪ್ಪ ತುದಿ, ಆಮೇಲೆ ತಕ್ಷಣ ಎಸೆಯಿರಿ, ಇಲ್ಲದಿದ್ದರೆ ಬೆರಳಿಗೆ ಹತ್ತುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಬಹಳ ಹೊತ್ತು ಸೋರುತ್ತದೆ. ಒತ್ತಿ ಪಟ್ಟಿ ಕಟ್ಟಿ. ಮುಂದಿನ ಸಲ ಒತ್ತು ನೇಯ್ಗೆಯ, ಮಂಡಿವರೆಗಿನ ಲೀಚ್ ಸಾಕ್ಸ್ ತಗೊಳ್ಳಿ, ಮಾಮೂಲಿ ಸಾಕ್ಸಿನ ಸಂದಿಯಲ್ಲಿ ಅವು ನುಗ್ಗುತ್ತವೆ. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು, ಹತ್ತಿದ್ದಕ್ಕೆ ಮುಟ್ಟಿಸುವುದು ನಮ್ಮೂರಿನ ಹಳೇ ದಾರಿ. ಇಂಬಳ ಉದುರುತ್ತದೆ, ಉಪ್ಪೂ ಉಳಿಯುತ್ತದೆ. ಕಾಡಿನಲ್ಲಿ ನಿಂತು ಸೆಲ್ಫಿ ತೆಗೆಯುವವರಿಗೆ ಜಾಸ್ತಿ ಹತ್ತುತ್ತವೆ, ನಡೆಯುತ್ತಲೇ ಇರಿ.

ಪ್ರಶ್ನೆ: ದಕ್ಷಿಣ ಗೋವಾದಲ್ಲಿ ನದಿ ಸಮುದ್ರ ಸೇರುವ ಕಡೆ ಟೆಂಟ್ ರೆಸಾರ್ಟಿನಲ್ಲಿದ್ದೆವು. ಸೊಳ್ಳೆ ಒಂದೂ ಕಾಣಲಿಲ್ಲ. ಆದರೆ ಬೆಳಿಗ್ಗೆ ನಾಲ್ಕು ವರ್ಷದ ಮಗನ ಕಾಲ ತುಂಬ ಸಣ್ಣ ಕೆಂಪು ಚುಕ್ಕೆ, ವಾರವಾದರೂ ಕೆರೆತ ಹೋಗಿಲ್ಲ. (ಠಾಣೆಯ ತಾಯಿ)

ಅದು ನೊರಜು. ಅಲ್ಲಿ ಸ್ಯಾಂಡ್ ಫ್ಲೈ ಅಂತಾರೆ. ಸೊಳ್ಳೆಯ ಕಾಲು ಭಾಗವೂ ಇರುವುದಿಲ್ಲ, ಮಾಮೂಲಿ ಸೊಳ್ಳೆ ಪರದೆಯ ಕಣ್ಣಿನಲ್ಲಿ ಆರಾಮವಾಗಿ ತೂರುತ್ತದೆ. ಹುಟ್ಟುವುದು ಅಳಿವೆಯ ಕೆಸರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ. ಅದರ ದೌರ್ಬಲ್ಯ ಒಂದೇ, ಗಾಳಿಯಲ್ಲಿ ಹಾರಲಾರದು. ಹಗಲು ಕಡಲಿನಿಂದ ಗಾಳಿ ಬೀಸುತ್ತದೆ, ರಾತ್ರಿ ನೆಲದಿಂದ ಕಡಲಿಗೆ. ನಡುವೆ ಮುಸ್ಸಂಜೆ ಗಾಳಿ ಪೂರ್ತಿ ಬೀಳುವ ಹೊತ್ತೊಂದಿದೆ. ಎಲ್ಲರೂ ಸೂರ್ಯಾಸ್ತ ನೋಡುತ್ತಾ ಮರಳ ಮೇಲೆ ಕಾಲು ಚಾಚಿ ಕೂರುವುದೂ ಆಗಲೇ. ಆ ಹೊತ್ತಿಗೆ ಮಗುವಿಗೆ ಉದ್ದ ಪ್ಯಾಂಟು ಹಾಕಿ, ಕುರ್ಚಿಯಲ್ಲಿ ಕೂರಿಸಿ. ಟೆಂಟಿನೊಳಗೆ ಒಂದು ಸಣ್ಣ ಫ್ಯಾನ್ ಸಾಕು, ಅವಕ್ಕೆ ಅದೇ ಬಿರುಗಾಳಿ.

ಕ್ರೀಮನ್ನು ನಿಮ್ಮ ಕೈಗೆ ಹಾಕಿಕೊಂಡು ಅವನಿಗೆ ಸವರಿ. ಅವನ ಅಂಗೈಗೆ, ಕಣ್ಣಿನ ಬಾಯಿಯ ಹತ್ತಿರ ಬೇಡ. (ಎರಡು ತಿಂಗಳೊಳಗಿನ ಕೂಸಿಗೆ ಡೀಟ್ ಬೇಡವೇ ಬೇಡ, ಮೂರು ವರ್ಷದೊಳಗಿನವರಿಗೆ ಲೆಮನ್ ಯೂಕಲಿಪ್ಟಸ್ ಬೇಡ.) ಈಗಿನ ಕೆರೆತಕ್ಕೆ ತಣ್ಣೀರಿನ ಬಟ್ಟೆ, ಕ್ಯಾಲಮೈನ್ ಲೋಶನ್. ರಾತ್ರಿ ನಿದ್ದೆ ಕೆಡುತ್ತಿದ್ದರೆ ಅಲರ್ಜಿ ಸಿರಪ್ ಎಷ್ಟು ಕೊಡಬೇಕು ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಟೂತ್‌ಪೇಸ್ಟ್ ಬಳಿಯಬೇಡಿ. ಎಲ್ಲಕ್ಕಿಂತ ಮೊದಲು ಅವನ ಉಗುರು ಕತ್ತರಿಸಿ. ಚುಕ್ಕೆಯ ಸುತ್ತ ಕೆಂಪು ಹರಡಿ, ಬಿಸಿಯಾಗಿ, ಕೀವು ತುಂಬಿದರೆ ಅದು ನೊರಜಿನ ಕೆಲಸವಲ್ಲ, ಉಗುರಿನದ್ದು, ಡಾಕ್ಟರಿಗೆ ತೋರಿಸಲೇಬೇಕು.

ಪ್ರಶ್ನೆ: ಅಕ್ಟೋಬರಿನಲ್ಲಿ ಕಾಮ್‌ಶೇತ್ ಹತ್ತಿರ ಟೆಂಟಿನಲ್ಲಿ ಮಲಗಿ ಬಂದ ಮರುದಿನ ಕುತ್ತಿಗೆಯ ಮೇಲೆ ಉದ್ದಕ್ಕೆ ಬರೆ ಎಳೆದ ಹಾಗೆ ಉರಿ, ಆಮೇಲೆ ನೀರ್ಗುಳ್ಳೆ. ಅತ್ತೆ ಸರ್ಪಸುತ್ತು ಅಂತಾರೆ. ಯಾವುದೂ ಕಚ್ಚಿದ ನೆನಪಿಲ್ಲ. (ಪುಣೆಯ ಓದುಗಿ)

ಕಚ್ಚಿಲ್ಲ, ಅದಕ್ಕೇ ನೆನಪಿಲ್ಲ. ಇರುವೆ ತರ ಕಾಣುವ, ಕಿತ್ತಳೆ-ಕಪ್ಪು ಪಟ್ಟೆಯ, ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದದ ಒಂದು ಜೀರುಂಡೆ ಇದೆ, ಪೇಡರಸ್ ಅಂತ. ದೀಪಕ್ಕೆ ಬರುತ್ತದೆ. ಕುತ್ತಿಗೆ ಮೇಲೆ ಹರಿದಾಡಿದಾಗ ನಿದ್ದೆಗಣ್ಣಲ್ಲಿ ಕೈಯಿಂದ ಉಜ್ಜಿ ಬಿಡುತ್ತೇವೆ, ಅದರ ಮೈಯ ರಸ ಚರ್ಮಕ್ಕೆ ತಾಗಿ ಮರುದಿನ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಕೈ ಉಜ್ಜಿದ ದಾರಿಯೇ ಆ ಬರೆ. ಸರ್ಪಸುತ್ತಿಗೆ ಸಾಮಾನ್ಯವಾಗಿ ಗುಳ್ಳೆಗೆ ಮೊದಲೇ ನೋವಿರುತ್ತದೆ, ಮೈಯ ಒಂದೇ ಪಕ್ಕದಲ್ಲಿ ಗೊಂಚಲು ಗೊಂಚಲಾಗಿ ಬರುತ್ತದೆ. ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ, ಅತ್ತೆಗೂ ಸಮಾಧಾನ. ಮುಂದೆ ಇಂಥದ್ದು ಮೈಮೇಲೆ ಕಂಡರೆ ಊದಿ ಹಾರಿಸಿ, ಹೊಸಕಬೇಡಿ. ಹೊಸಕಿಯೇ ಬಿಟ್ಟರೆ ಕೂಡಲೇ ಸೋಪಿನಲ್ಲಿ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗಬಾರದು.

ಪ್ರಶ್ನೆ: ಕೋಟೆಗಳಲ್ಲಿ ಹೆಜ್ಜೇನು ಎದ್ದರೆ ಏನು ಮಾಡಬೇಕು? (ಪಿಂಪ್ರಿ-ಚಿಂಚ್‌ವಡದ ಓದುಗ)

ಓಡಬೇಕು. ತಮಾಷೆಯಲ್ಲ. ಕೂತುಕೊಳ್ಳುವುದು, ಕೈ ಬೀಸುವುದು, ನೀರಿಗೆ ಹಾರುವುದು ಯಾವುದೂ ಬೇಡ. ಒಂದು ಕುಟುಕಿದ ಜಾಗದಿಂದ ಹೊರಡುವ ವಾಸನೆಯೇ ಉಳಿದವನ್ನು ಕರೆಯುತ್ತದೆ. ಟವೆಲ್ಲೋ ಅಂಗಿಯೋ ಎಳೆದು ಮುಖ ಮುಚ್ಚಿ, ಹೆಜ್ಜೆ ಇಡಲು ಜಾಗ ಕಾಣುವಷ್ಟು ಬಿಟ್ಟು, ನೇರ ದೂರ ಹೋಗಿ. ಕೋಟೆಯ ಅಂಚಿನಲ್ಲಿ ಮಾತ್ರ ಕಣ್ಣು ಮುಚ್ಚಿ ಓಡಬೇಡಿ, ಕಡಿದಾದ ಬಂಡೆಯ ಕಡೆಗಂತೂ ಬೇಡ. ಮುಚ್ಚಿದ ಕೋಣೆ, ಗುಡಿ, ಕಾರು ಸಿಕ್ಕರೆ ಒಳಗೆ ಹೋಗಿ ಬಾಗಿಲು ಹಾಕಿ. ಆಮೇಲೆ ಮುಳ್ಳು ತೆಗೆಯಿರಿ. ಉಗುರಲ್ಲೋ, ಎಟಿಎಂ ಕಾರ್ಡಿನ ಅಂಚಿನಲ್ಲೋ ಅನ್ನುವ ಚರ್ಚೆ ಬೇಡ, ಬೇಗ ತೆಗೆಯುವುದಷ್ಟೇ ಮುಖ್ಯ. ಮುಳ್ಳು ಮೈಯಲ್ಲಿ ಇರುವಷ್ಟು ಹೊತ್ತೂ ವಿಷ ಒಳಗೆ ಹೋಗುತ್ತಿರುತ್ತದೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿ ಬಿದ್ದರೆ ಒಂದೇ ಕುಟುಕಾದರೂ 108ಕ್ಕೆ ಫೋನ್ ಮಾಡಿ. ಅದಕ್ಕೆ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ಸುಣ್ಣ ಅಲ್ಲ.

ಏಳುವ ಮೊದಲಿನ ಮಾತೂ ಹೇಳಬೇಕಲ್ಲ. ಹೆಬ್ಬಾಗಿಲ ಕಮಾನಿನ ಕೆಳಗೆ, ಬಂಡೆಯ ಮುಖದಲ್ಲಿ ಕಪ್ಪು ಚಾಪೆ ನೇತುಹಾಕಿದ ಹಾಗೆ ಕಂಡರೆ ಅಲ್ಲಿ ಒಲೆ ಹೊತ್ತಿಸಬೇಡಿ, ಸಿಗರೇಟು ಬೇಡ, ಗಟ್ಟಿ ಅತ್ತರು ಬೇಡ, ರಾತ್ರಿ ಅದರ ಮೇಲೆ ಟಾರ್ಚ್ ಬಿಡಬೇಡಿ. ಬೆಳದಿಂಗಳಲ್ಲಿ ಹೆಜ್ಜೇನು ರಾತ್ರಿಯೂ ಹಾರುತ್ತದೆ. ಪಟಾಕಿ ಹೊಡೆದು ಪ್ರತಿಧ್ವನಿ ಕೇಳುವ ಮಹಾನುಭಾವರು ಪಕ್ಕದಲ್ಲಿದ್ದರೆ ನೀವೇ ಇಳಿದು ಬನ್ನಿ.

ಚುಟುಕು ಪ್ರಶ್ನೆಗಳು

ಸ್ವಲ್ಪವೂ ಜಾಗವಿಲ್ಲ, ಬೇಗ ಮುಗಿಸುತ್ತೇನೆ. ಮೊಬೈಲಿನಲ್ಲಿ ಸೊಳ್ಳೆ ಓಡಿಸುವ ಶಬ್ದದ ಆ್ಯಪ್, ಘಾಟ್ಕೋಪರ್‌ನವರು ಕೇಳಿದ್ದು: ಓಡುವುದಿಲ್ಲ, ಬ್ಯಾಟರಿ ಓಡುತ್ತದೆ. ಬೆಳ್ಳುಳ್ಳಿ ತಿಂದರೆ: ಗೆಳೆಯರು ದೂರ ಹೋಗುತ್ತಾರೆ. ನೀಲಿ ದೀಪದ ಯಂತ್ರ: ಸಾಯುವುದು ಹೆಚ್ಚಾಗಿ ಪಾಪದ ಪತಂಗಗಳು. ಸೊಳ್ಳೆ ಬ್ಯಾಟು: ಲೆಕ್ಕಕ್ಕೆ ದೊಡ್ಡ ಪ್ರಯೋಜನವಿಲ್ಲ, ಟಪ್ ಅನ್ನುವ ಶಬ್ದಕ್ಕೆ ಮನಸ್ಸಿಗೆ ಹಿತ, ನನ್ನ ಹತ್ತಿರವೂ ಒಂದಿದೆ. ಬಟ್ಟೆಗೆ ಹೊಡೆಯುವ ಪರ್ಮೆಥ್ರಿನ್: ಒಳ್ಳೆಯದು, ಬಟ್ಟೆಗೆ ಮಾತ್ರ, ಮೈಗಲ್ಲ, ಮನೆಯಲ್ಲಿ ಬೆಕ್ಕಿದ್ದರೆ ಪೂರ್ತಿ ಒಣಗುವವರೆಗೆ ಅದರಿಂದ ದೂರ ಇಡಿ, ಬೆಕ್ಕಿಗೆ ವಿಷ. ಬಾಡಿಗೆ ಸ್ಲೀಪಿಂಗ್ ಬ್ಯಾಗಿನಿಂದ ಸಾಲಾಗಿ ಮೂರು ಮೂರು ದದ್ದು, ದಾದರ್‌ನಿಂದ: ಅದು ತಿಗಣೆ. ಮಲಗುವ ಮೊದಲು ಹೊಲಿಗೆಯ ಮಡಿಕೆ ಬಿಡಿಸಿ ನೋಡಿ, ಶಾಯಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ವಾಪಸ್ ಕೊಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಬ್ಯಾಗನ್ನು ಮಂಚದ ಮೇಲೆ ಇಡಬೇಡಿ. ಮುಂಬೈ ಫ್ಲ್ಯಾಟಿಗೆ ತಿಗಣೆ ಹೊಕ್ಕರೆ ನಿಮ್ಮ ಜೊತೆ ಇಡೀ ಬಿಲ್ಡಿಂಗ್ ಅಳುತ್ತದೆ.

ಪ್ರಶ್ನೆ: ಕರ್ಜತ್ ಹತ್ತಿರ ಮಾವಿನ ಮರಕ್ಕೆ ಹ್ಯಾಮಕ್ ಕಟ್ಟಿ ಮಲಗಿದ್ದೆ. ಹತ್ತು ನಿಮಿಷಕ್ಕೆ ಕೆಂಪು ಇರುವೆಗಳ ಸೈನ್ಯವೇ ಹಗ್ಗದ ಮೇಲೆ ಬಂತು. ಏನು ಸಿಂಪಡಿಸಬೇಕು? (ಕಲ್ಯಾಣದ ಓದುಗ)

ಏನೂ ಬೇಡ, ಮರ ಬದಲಿಸಿ. ಅದು ಚಗಳಿ, ಮರ ಅದರದ್ದು. ಹಗ್ಗ ಕಟ್ಟುವ ಮೊದಲು ಕತ್ತೆತ್ತಿ ನೋಡಿ, ಎಲೆಗಳನ್ನು ಬಿಳಿ ನೂಲಿನಿಂದ ಹೊಲಿದ ಚೆಂಡಿನ ಹಾಗಿನ ಗೂಡು ಕಂಡರೆ ಮುಂದಿನ ಮರಕ್ಕೆ ಹೋಗಿ. ಬೇರೆ ಮರವೇ ಇಲ್ಲದಿದ್ದರೆ ಹಗ್ಗದ ಎರಡೂ ತುದಿಗೆ ಗೇಣುದ್ದ ವ್ಯಾಸಲೀನ್ ದಪ್ಪಗೆ ಮೆತ್ತಿ, ದಾಟಲು ಕಷ್ಟಪಡುತ್ತವೆ. ನಮ್ಮೂರಿನವರು ಆ ಗೂಡು ಕಂಡರೆ ಕೊಂಬೆ ಸಮೇತ ಇಳಿಸಿ, ಹುರಿದು, ಕಾಯಿ, ಹಸಿಮೆಣಸು, ಬೆಳ್ಳುಳ್ಳಿ ಹಾಕಿ ಚಟ್ನಿ ಅರೆಯುತ್ತಾರೆ. ಹುಳಿಯನ್ನು ಬೇರೆ ಹಾಕುವ ಅಗತ್ಯವಿಲ್ಲ, ನಿಮ್ಮನ್ನು ಕಚ್ಚಿದಾಗ ಉರಿಸಿದ ಫಾರ್ಮಿಕ್ ಆ್ಯಸಿಡ್ಡೇ ಅಲ್ಲಿ ಹುಳಿ. ಕರ್ಜತ್‌ನಲ್ಲಿ ಅರೆಯುವ ಕಲ್ಲು ಸಿಕ್ಕರೆ ತಿಳಿಸಿ, ನಾನೇ ಬರುತ್ತೇನೆ.